ಡಬ್ಬಿ ಕೂಗಿತು

ಪೆನ್ನಿನ ತುದಿ ತಣ್ಣಗಿದೆ, ಕಚಗುಳಿ ಇಡುತ್ತದೆ, ನಗಬಾರದು, ನಕ್ಕರೆ ಹೊಟ್ಟೆ ಕುಲುಕಿ ಡಾಕ್ಟರು ಎಳೆಯುತ್ತಿರುವ ಗೆರೆ ಸೊಟ್ಟಗಾದೀತು, ನಗಬಾರದು ಅಂದುಕೊಂಡಷ್ಟೂ ನಗು ಉಕ್ಕುತ್ತಿದೆ ಅವಳಿಗೆ — ಹೊಕ್ಕುಳಿನ ಎಡಕ್ಕೆ ನೀಲಿ ಗೆರೆ, ಹಳೆಯ ಹೊಲಿಗೆಯ ಗುರುತಿನ ಮೇಲೇ, ಅಲ್ಲೇ ಬಿಚ್ಚಿ ಅಲ್ಲೇ ಹೊಲೀತೀನಮ್ಮ, ಹೊಸ ಗಾಯ ಯಾಕೆ, ಎನ್ನುತ್ತಿದ್ದಾರೆ ಡಾಕ್ಟರು, ಅವಳಿಗೆ ಈ ಮನುಷ್ಯನ ಮೇಲೆ ಭರವಸೆ ಹುಟ್ಟಿದ್ದೇ ಈ ಮಾತಿನಿಂದ, ಏಕೆಂದರೆ ಬೈಂಡಿಂಗ್ ಅಂಗಡಿಯಲ್ಲಿ ಅವಳು ಮಾಡುವುದೂ ಇದನ್ನೇ ಅಲ್ಲವೇ, ಸಡಿಲಾದ ಪುಸ್ತಕ ಬಂದರೆ ಹಳೆಯ ದಾರ ಬಿಡಿಸಿ ಅದೇ ತೂತುಗಳಲ್ಲಿ ಸೂಜಿ ಹಾಯಿಸುವುದು, ಹೊಸ ತೂತು ಹೊಡೆದರೆ ಕಾಗದ ಹರಿದುಹೋಗುತ್ತದೆ, ಪಾಪ, ಕಾಗದವೇ ತಡೆಯದು, ಹೊಟ್ಟೆ ತಡೆದೀತೇ. ಆ ಗೆರೆಯ ಕೆಳಗೆ, ಚರ್ಮದಡಿ ಬೆಚ್ಚಗೆ ಕೂತಿದೆ ಡಬ್ಬಿ. ಆಸ್ಪತ್ರೆಯವರಿಗೆ ಅದು ಔಷಧಿ ಪಂಪು, ಮನೆಯಲ್ಲಿ ಡಬ್ಬಿ, ಸೊಂಟವನ್ನು ಬಳಸಿ ಬೆನ್ನುಹುರಿಯವರೆಗೆ ಹೋಗುವ ತೆಳ್ಳನೆಯ ಕೊಳವೆಯಲ್ಲಿ ಹನಿಹನಿಯಾಗಿ ಔಷಧಿ ಬಿಡುತ್ತ, ಒಂದು ದಿನ ರಜೆ ಕೇಳದೆ, ಅವಳ ಕಾಲುಗಳನ್ನು ಕಾಲುಗಳಾಗಿ ಉಳಿಸಿದ ಡಬ್ಬಿ. ಅದರ ಬ್ಯಾಟರಿ ಮುಗಿಯುತ್ತ ಬಂದಿದೆ, ಇವತ್ತು ಹಳೆಯದು ಹೊರಗೆ, ಹೊಸದು ಒಳಗೆ. ಕೊಳವೆ ಸರಿಯಿದ್ರೆ ಡಬ್ಬಿ ಮಾತ್ರ ಬದಲಿ, ಕೊಳವೆ ಕಟ್ಕೊಂಡಿದ್ರೆ ಬೆನ್ನೂ ಬಿಚ್ಬೇಕಾಗುತ್ತೆ, ಔಷಧಿ ಮೊದಲಿನ ಹಾಗೆ ಹಿಡಿಯೋಕೆ ದಿನ ಹಿಡೀಬಹುದು, ಒಳಗೆ ನೋಡೋವರೆಗೂ ಏನೂ ಹೇಳೋಕಾಗಲ್ಲ, ಎಂದಿದ್ದಾರೆ ಡಾಕ್ಟರು, ಮುಚ್ಚುಮರೆ ಇಲ್ಲದ ಮನುಷ್ಯ. ಹನಿ ನಿಂತರೆ ಕಾಲು ಮತ್ತೆ — ಬೇಡ, ಅತ್ತ ಹೋಗಬೇಡ ಮನಸೇ, ಗೆರೆ ನೋಡು, ಎಷ್ಟು ನೇರವಾಗಿ ಎಳೆದಿದ್ದಾರೆ.

ಬೇಡ ಅಂದ ಕಡೆಗೇ ಹೋಗುತ್ತದೆ, ಹಗ್ಗ ಬಿಚ್ಚಿದ ಕರುವಿನ ಹಾಗೆ, ನೇರ ಆ ಏಣಿಯ ಬುಡಕ್ಕೆ, ಅಟ್ಟದ ಮೇಲಿಂದ ರಟ್ಟಿನ ಕಟ್ಟು ಇಳಿಸುತ್ತಿದ್ದಾಳೆ, ಏಣಿ ಜಾರುತ್ತದೆ, ಬೆನ್ನಿಗೆ ಪೆಟ್ಟು, ಮೂಳೆಯೇನೋ ಕೂಡಿಕೊಂಡಿತು, ಕಾಲು ಮಾತ್ರ ಅವಳ ಮಾತು ಕೇಳುವುದನ್ನು ಬಿಟ್ಟಿತು, ಇದ್ದಕ್ಕಿದ್ದಂತೆ ಸೆಟೆದುಕೊಂಡು, ನಡುಗಿ, ತನ್ನ ಪಾಡಿಗೆ ತಾನು ಝಾಡಿಸಿ ಒದೆಯುವುದು, ಒಂದು ರಾತ್ರಿ ಬಿದ್ದ ಒದೆತಕ್ಕೆ ಇವರು ಮಂಚದಿಂದ ಕೆಳಗೆ, ಇವರು ಅಂದರೆ ಗಂಡ, ಮುಖ್ಯ ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿಯವರು, ಬೆಳಗ್ಗೆ ಅಂಗಡಿಗೆ ಬಂದವರೆಲ್ಲ ಹಣೆ ಊದಿದ್ದು ನೋಡಿ ಏನಾಯ್ತು ಅಂದರೆ ಹೆಂಡ್ತಿ ಒದ್ಲು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ, ಪುಣ್ಯಕ್ಕೆ ಒಬ್ಬರೂ ನಂಬಲಿಲ್ಲವಂತೆ. ಅವತ್ತಿನಿಂದ ಇವರು ಮಲಗಲೇ ಇಲ್ಲ, ಹಾಸಿಗೆಯ ಕಾಲ್ದೆಸೆಯಲ್ಲಿ ಗೋಡೆಗೊರಗಿ ಕೂತು ಅವಳ ಎರಡೂ ಹಿಮ್ಮಡಿಗಳನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುವುದು, ಸೆಟೆದಾಗಲೆಲ್ಲ ಎಚ್ಚರಾಗಿ ಒತ್ತುವುದು, ಕೂದಲೆಳೆಯಂಥ ಸ್ಪ್ರಿಂಗು ಹಿಡಿದು ಅಭ್ಯಾಸವಾದ ಬೆರಳು, ಎಲ್ಲಿ ಒತ್ತಿದರೆ ಬಿಗಿ ಬಿಡುತ್ತದೆಂದು ಅದಕ್ಕೆ ಗೊತ್ತು. ನಿಮ್ಗೆ ಸಾಕಾಗಲ್ವೇನ್ರೀ ಎಂದು ಅವಳೊಮ್ಮೆ ಅತ್ತುಬಿಟ್ಟಾಗ, ಸಾಕಾಗಿದೆ, ಆದ್ರೆ ಕಾಲು ಕೇಳ್ಬೇಕಲ್ಲ, ಎಂದರು, ಅಷ್ಟೇ, ಮತ್ತೆ ಒತ್ತತೊಡಗಿದರು. ಆಮೇಲೆ ಬಂತು ಡಬ್ಬಿ. ಕಾಲು ಮೆತ್ತಗಾಯಿತು, ಇದು ಯಾರ ಕಾಲಪ್ಪಾ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡಿದ್ದೇನು, ಕೋಲು ಹಿಡಿದು ಮತ್ತೆ ಅಂಗಡಿಗೆ ಹೋಗಿದ್ದೇನು, ಒಂದು ಬೆಳಗ್ಗೆ ಎಚ್ಚರಾದರೆ ಪಕ್ಕದಲ್ಲಿ ಇವರು ಉದ್ದಕ್ಕೆ ಮಲಗಿ ಗೊರಕೆ ಹೊಡೆಯುತ್ತಿದ್ದರು, ಎಷ್ಟೋ ಕಾಲದ ಮೇಲೆ ಗಂಡನ ಗೊರಕೆಯನ್ನು ಬೈಯುವ ಭಾಗ್ಯ, ಅವಳು ಬೈಯಲಿಲ್ಲ, ಕೇಳುತ್ತಾ ಮಲಗಿದ್ದಳು. ಔಷಧಿ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ನರ್ಸು ಹೊಟ್ಟೆಯ ಮೇಲಿಂದಲೇ ಸೂಜಿ ಚುಚ್ಚಿ ಡಬ್ಬಿ ತುಂಬಿಸುತ್ತಾಳೆ, ಫುಲ್ ಟ್ಯಾಂಕ್ ಮಾಡ್ಬಿಡು ತಾಯಿ ಎಂದು ಇವರು ಅಂದದ್ದೇ ನೆಪ, ಆ ನರ್ಸಿಗೆ ಪೆಟ್ರೋಲ್ ಅಕ್ಕ ಎಂದೇ ಹೆಸರಾಯಿತು, ಅವಳೂ ಹೂಂಗುಟ್ಟುತ್ತಾಳೆ, ಒಳ್ಳೆಯ ಹುಡುಗಿ, ಚುಚ್ಚಿದ್ದೇ ಗೊತ್ತಾಗುವುದಿಲ್ಲ.

ಪೀಂ ಪೀಂ — ಇಲ್ಲ, ಅದು ಪಕ್ಕದ ಮಂಚದವರ ಯಂತ್ರ. ಡಬ್ಬಿಯ ಕೂಗು ಇನ್ನೂ ಸಣ್ಣದು, ಮೊದಲ ಸಲ ಕೂಗಿದಾಗ ಅವಳು ಅಡುಗೆಮನೆಯಲ್ಲಿದ್ದಳು, ರೀ, ಯಾವ್ದೋ ಗಡಿಯಾರ ಕೂಗ್ತಿದೆ ನೋಡಿ, ಎಂದಳು, ಅಷ್ಟು ಸಾಕಲ್ಲ, ಗಡಿಯಾರದವರ ಮನೆ, ಗೋಡೆಗೆ ನಾಲ್ಕು, ಕಪಾಟಿನಲ್ಲಿ ಹತ್ತು, ಇವರು ಭೂತಗಾಜು ಕಣ್ಣಿಗೆ ಸಿಕ್ಕಿಸಿಕೊಂಡು ಅಡುಗೆಮನೆಯ ಗಡಿಯಾರ ಬಿಚ್ಚಿಯೇಬಿಟ್ಟರು. ಆಮೇಲೆ ಕೂಗು ನಡುಮನೆಯಲ್ಲಿ, ನಡುಮನೆಯದ್ದು ಬಿಚ್ಚಿದರು. ಅವಳು ಊಟದ ಡಬ್ಬಿ ಒಯ್ದರೆ ಇವರ ಅಂಗಡಿಯಲ್ಲೂ ಪೀಂ, ನಿನ್ನೆ ಬಂದ ಅಲಾರಂ ಇರ್ಬೇಕು ಎಂದು ಗಿರಾಕಿಗಳ ಗಡಿಯಾರಕ್ಕೂ ಕೈ ಹಾಕಿದರು, ಮೇಜಿನ ತುಂಬ ಹಲ್ಲಿನ ಚಕ್ರ, ಮುಳ್ಳು, ತಿರುಪು, ಬೈಂಡಿಂಗ್ ಅಂಗಡಿಯಲ್ಲೂ ಕೇಳಿಸಿದಾಗ ಅವಳು ತನ್ನ ಕಿವಿಯೇ ಕೆಟ್ಟಿತೆಂದುಕೊಂಡು ಯಾರಿಗೂ ಹೇಳಲಿಲ್ಲ, ಡಬ್ಬಿ ಹಾಕಿದಾಗಲೇ ಹೇಳಿದ್ದರು, ಬ್ಯಾಟರಿ ಇಳಿದರೆ ಕೂಗುತ್ತದೆಂದು, ಇಬ್ಬರೂ ಮರೆತು ಕೂತಿದ್ದಾರೆ ದಡ್ಡಶಿಖಾಮಣಿಗಳು, ಬಲಗಿವಿ ಮಂದವಾದ ಇವರಿಗೆ ಸದ್ದು ಯಾವ ದಿಕ್ಕಿನಿಂದ ಬರುತ್ತದೆಂದು ತಿಳಿಯದು, ಅವಳಿಗೆ ತಿಳಿದರೂ ನಂಬಿಕೆ ಬಾರದು. ಕೊನೆಗೆ ಒಂದು ಸಂಜೆ, ಅವಳು ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದಾಳೆ, ಮನೆಯ ಗಡಿಯಾರಗಳೆಲ್ಲ ಬಿಚ್ಚಿಬಿದ್ದಿವೆ, ಟಿಕ್ಕೆನ್ನುವುದು ಒಂದೂ ಇಲ್ಲ, ಆ ನಿಶ್ಶಬ್ದದಲ್ಲಿ ಪೀಂ. ಇವರು ಕತ್ತೆತ್ತಿದರು. ಎದ್ದು ಬಂದು ಮೊಣಕಾಲೂರಿ, ಎಡಗಿವಿಯನ್ನು ಅವಳ ಹೊಟ್ಟೆಗಿಟ್ಟರು, ತಣ್ಣನೆಯ ಕಿವಿ, ಮುಖ ಆ ಕಡೆ, ಎಷ್ಟೋ ಹೊತ್ತು ಹಾಗೇ, ಮತ್ತೆ ಕೂಗುವವರೆಗೆ. ಎದ್ದಾಗ ಭೂತಗಾಜು ಕೈಯಲ್ಲಿತ್ತು, ಕಣ್ಣಿನ ಸುತ್ತ ಅದು ಒತ್ತಿದ ಕೆಂಪು ಗುರುತು, ಆ ಗುರುತಿನೊಳಗೆ ಕಣ್ಣು ತುಂಬಿಕೊಂಡಿತ್ತು. ಊರಿನ ಗಡಿಯಾರವೆಲ್ಲ ಬಿಚ್ಚಿ ನೋಡಿದೆ, ನಿನ್ನ ಕೇಳ್ಲೇ ಇಲ್ವಲ್ಲೇ, ಎಂದರು. ಆಸ್ಪತ್ರೆಗೆ ಫೋನು ಮಾಡುವಾಗ ಬೆರಳು ನಡುಗುತ್ತಿತ್ತು, ಗಾಬರಿ ಬೇಡ, ಇನ್ನೂ ಟೈಮಿದೆ, ಕರ್ಕೊಂಡು ಬನ್ನಿ, ಎಂದಳು ಪೆಟ್ರೋಲ್ ಅಕ್ಕ, ಅವಳ ಬಾಯಿಗೆ ಸಕ್ಕರೆ ಹಾಕಬೇಕು. ಆದರೆ ಆ ನಡುಕ ಗಾಬರಿಯದ್ದು ಮಾತ್ರವಲ್ಲ, ಅವಳು ಗಮನಿಸಿದ್ದಾಳೆ, ಈಚೆಗೆ ಸಣ್ಣ ತಿರುಪು ಎರಡೆರಡು ಸಲ ಕೈಜಾರುತ್ತದೆ, ಇವರಿಗೂ ವಯಸ್ಸಾಯಿತು, ಇನ್ನೊಮ್ಮೆ ಗೋಡೆಗೊರಗಿ ರಾತ್ರಿ ಕಳೆಯುವ ಬೆನ್ನಲ್ಲ ಅದು, ದೇವರೇ, ಕೊಳವೆ ಸರಿಯಿರಲಿ, ನನ್ನ ಕಾಲಿಗಾಗಿ ಅಲ್ಲ, ಈ ಮನುಷ್ಯ ಮಲಗಿ ನಿದ್ದೆ ಮಾಡಲಿ.

ಗಾಲಿಮಂಚ ಹೊರಟಿತು, ಓಣಿಯುದ್ದಕ್ಕೂ ಗಾಲಿಯೊಂದು ಕಿರ್ ಎನ್ನುತ್ತದೆ, ಎಣ್ಣೆ ಬೇಕು ಇದಕ್ಕೆ, ಇವರು ಪಕ್ಕದಲ್ಲಿ ಹೆಜ್ಜೆ ಹಾಕುತ್ತ ಅದನ್ನೇ ನೋಡುತ್ತಿದ್ದಾರೆ, ಕಣ್ಣಿನ ಸುತ್ತ ಮತ್ತೆ ಕೆಂಪು ಗುರುತು, ಏಕೆಂದರೆ ಬೆಳಗಿನಿಂದ ಸುಮ್ಮನೆ ಕೂರಲಾರದೆ ಪೆಟ್ರೋಲ್ ಅಕ್ಕನ ನಿಂತುಹೋಗಿದ್ದ ಕೈಗಡಿಯಾರ ಕೇಳಿ ಇಸಿದುಕೊಂಡು ಓಡುವ ಹಾಗೆ ಮಾಡಿಕೊಟ್ಟಿದ್ದಾರೆ. ಹಳೇ ಡಬ್ಬಿ ನಮ್ಗೆ ಕೊಡ್ತೀರಾ ಡಾಕ್ಟ್ರೇ ಎಂದು ಕೇಳಿಯೂ ನೋಡಿದರು, ಇಲ್ಲ, ಅದು ತಯಾರಿಸಿದವರಿಗೇ ವಾಪಸು ಹೋಗ್ಬೇಕು, ಎಂದರು ಡಾಕ್ಟರು, ಬಿಚ್ಚಲ್ಲ ಸ್ವಾಮಿ, ಒಂದ್ಸಲ ಕೈಯಲ್ಲಿ ಹಿಡ್ಕೊಂಡು ಕೊಟ್ಬಿಡ್ತೀನಿ, ಎಂದು ಇವರು ಗೋಗರೆದದ್ದು ನೋಡಿ ಪೆಟ್ರೋಲ್ ಅಕ್ಕ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣು ಒರೆಸಿಕೊಂಡಳು. ಬಾಗಿಲು ಬಂತು, ಇಲ್ಲಿಂದಾಚೆ ನೀವು ಬರೋ ಹಾಗಿಲ್ಲ ಎಂದ ಮಂಚ ತಳ್ಳುವವನು. ಒಂದ್ನಿಮಿಷ, ಎಂದರು ಇವರು. ಈ ಬದಿಯಿಂದ ಆ ಬದಿಗೆ ಸುತ್ತಿ ಬಂದರು, ಯಾಕೆಂದು ಅವಳಿಗೆ ತಿಳಿಯಲಿಲ್ಲ, ಬಗ್ಗಿ ಎಡಗಿವಿಯನ್ನು ನಿಲುವಂಗಿಯ ಮೇಲಿಂದ ಹೊಟ್ಟೆಗಿಟ್ಟಾಗ ತಿಳಿಯಿತು, ಆ ಬದಿಯಿಂದ ಬಗ್ಗಿದರೆ ಮುಖ ಅವಳ ಕಡೆಗೆ ಇರುತ್ತದೆ. ಓಣಿಯಲ್ಲಿ ಜನ ನೋಡುತ್ತಿದ್ದಾರೆ, ನಾಚಿಕೆ, ಏನ್ರೀ ಇದು, ಏಳಿ, ಇವರು ಏಳಲಿಲ್ಲ, ಮಂಚ ತಳ್ಳುವವನೂ ಅವಸರ ಮಾಡಲಿಲ್ಲ, ಒಳ್ಳೆಯವನು, ಬೇರೆ ಕಡೆ ನೋಡುತ್ತ ನಿಂತ. ಪೀಂ. ಇವರು ಅಂಗೈಯಿಂದ ಆ ಜಾಗವನ್ನು ಮೆಲ್ಲಗೆ ತಟ್ಟಿದರು. ತುಂಬಾ ದುಡಿದೆ, ಇನ್ನು ಸಾಕು, ಮಲ್ಕೋ, ಎಂದರು.

ದೀಪ, ದೊಡ್ಡ ಗುಂಡು ದೀಪ, ಚಳಿ, ಯಾರೋ ಬೆಚ್ಚಗಿನ ಹೊದಿಕೆ ಹೊದಿಸಿದರು, ಥ್ಯಾಂಕ್ಸಮ್ಮ, ಮೂಗಿನ ಮೇಲೆ ಏನೋ ಇಟ್ಟರು, ಉಸಿರು ಎಳ್ಕೊಳ್ಳಿ ಅಮ್ಮ, ನಿಧಾನ, ಎಳೆದುಕೊಳ್ಳುತ್ತಾಳೆ, ಹಳೆಯ ದಾರ ಬಿಡಿಸುತ್ತಾರೆ, ಅದೇ ತೂತು, ಕೊಳವೆ ಸರಿಯಿರಲಿ, ಸರಿಯಿರುತ್ತದೆ, ಡಬ್ಬಿ, ಹೋಗಿಬಾರಪ್ಪಾ, ಇಷ್ಟು ನಿದ್ದೆ ಕೊಟ್ಟೆ ನಮಗೆ, ಇಬ್ಬರಿಗೂ, ಹೊಟ್ಟೆಯ ಮೇಲೆ ಇನ್ನೂ ತಣ್ಣಗಿದೆ, ಪೆನ್ನಲ್ಲ, ಹಚ್ಚಿದ ಔಷಧಿಯಲ್ಲ, ಕಿವಿ, ಎಡಗಿವಿ, ಮುಖ ಈ ಕಡೆ, ಕಣ್ಣು ತನ್ನನ್ನೇ ನೋಡುತ್ತಿದೆ, ಕಣ್ಣಿನ ಸುತ್ತ ಆ ಕೆಂಪು ಗುರುತು, ಕೇಳಿಸ್ತಾ ರೀ, ಕಿವಿ, ತಣ್ಣಗೆ, ಕೆಂಪು ಗುರುತು, ಕೇಳಿಸ್ತಾ —