ಒಂದು ಹಿಡಿ ಕಂಚಿಸಟ್ಟು

ಅಜ್ಜಿಯ ಎರಡೂ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಬಾಳೆನಾರಿನಲ್ಲಿ ಕಟ್ಟುತ್ತಿದ್ದಾಗ ಪ್ರೇಮಾವತಿಗೆ ಹೊರಗೆ ಕೊಡಲಿಯ ಏಟು ಕೇಳಿಸಿತು. ಗಂಟನ್ನು ಅರ್ಧಕ್ಕೇ ಬಿಟ್ಟು ಅವಳು ಎದ್ದು ಓಡಿದಳು.

ಅಂಗಳದ ತುದಿಯಲ್ಲಿ, ಗುಡ್ಡದ ದಾರಿ ತಿರುಗುವಲ್ಲಿ, ಅಜ್ಜಿಯ ಕಂಚಿಹುಳಿಯ ಮರ. ಅದರ ಬುಡದಲ್ಲಿ ಆಗಲೇ ಬಿಳಿಯ ಗಾಯವೊಂದು ಬಾಯಿ ತೆರೆದಿತ್ತು. ಎರಡನೆಯ ಏಟಿಗೆ ಕೂಲಿಯಾಳು ದುಗ್ಗಪ್ಪ ಕೊಡಲಿ ಎತ್ತಿದ್ದ. ಪ್ರೇಮಾವತಿ ಮರಕ್ಕೆ ಬೆನ್ನು ಕೊಟ್ಟು ನಿಂತಳು. ಬೆರಳುದ್ದದ ಮುಳ್ಳೊಂದು ಹೆಗಲಿಗೆ ನಾಟಿತು. ಅವಳು ಅಲುಗಲಿಲ್ಲ.

“ಆಚೆ ಹೋಗು ಮಾರಾಯ್ತಿ. ಕೈ ಜಾರಿದ್ರೆ ಒಂದು ಹೆಣಕ್ಕೆ ಎರಡಾಗ್ತದೆ” ಎಂದ ದುಗ್ಗಪ್ಪ.

“ಯಾರು ಹೇಳಿದ್ದು ಕಡಿಲಿಕ್ಕೆ?”

“ನಾನು.”

ಉತ್ತರ ಬಂದದ್ದು ಜಗಲಿಯಿಂದ. ಅಜ್ಜಿಯ ಮೈದುನ ಪದ್ಮಯ್ಯ ಗೌಡರು, ಕೆಳಗಿನ ದೊಡ್ಡ ಮನೆಯ ಯಜಮಾನರು, ಹೆಗಲ ಶಾಲು ಸರಿಮಾಡಿಕೊಂಡು ಅಂಗಳಕ್ಕೆ ಇಳಿದರು. “ಸತ್ತವರ ಹಿತ್ತಲಿನ ಒಂದು ಮರವಾದ್ರೂ ಅವರನ್ನು ಸುಡುವ ಕಾಷ್ಠಕ್ಕೆ ಬೀಳ್ಬೇಕು. ಅದು ಕ್ರಮ. ಅತ್ತಿಗೆಗೆ ಕೊನೆಗೆ ಅಷ್ಟು ಮರ್ಯಾದೆ ಮಾಡುದು ಬೇಡ್ವಾ?”

“ಕ್ರಮ ಇರುದು ಮಾವಿನ ಮರದ್ದು ಸಣ್ಣಜ್ಜ.”

“ಇಲ್ಲಿ ಮಾವು ಎಲ್ಲುಂಟು?”

“ನಿಮ್ಮ ಹಿತ್ತಲಲ್ಲಿ ಉಂಟಲ್ಲ.”

“ಅದು ಉಪ್ಪಿನಕಾಯಿಗೆ ಮಿಡಿ ಬಿಡುವ ಮರ. ಇದು ಎಂತ ಬಿಡ್ತದೆ? ಮುಳ್ಳು.”

ನೆರೆದವರಲ್ಲಿ ಒಬ್ಬಿಬ್ಬರು ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

ಮರ್ಯಾದೆಯ ಮಾತು ತುಟಿಯ ಮೇಲಿನದು. ಒಳಗಿನದು ಮರ್ಕಂಜ ಊರಿಗೆಲ್ಲ ಗೊತ್ತಿತ್ತು. ಪದ್ಮಯ್ಯ ಗೌಡರು ಹೋದ ವರ್ಷ ಪುತ್ತೂರಿನಿಂದ ಒಂದು ಹಳೆಯ ಜೀಪು ತಂದಿದ್ದರು. ಮೇಲಿನ ರಸ್ತೆಯಿಂದ ದೊಡ್ಡ ಮನೆಗೆ ಇಳಿಯುವ ದಾರಿ ಈ ಅಂಗಳದ ಬದಿಯಲ್ಲೇ ತಿರುಗುತ್ತಿತ್ತು. ತಿರುವಿನಲ್ಲಿ ಕಂಚಿಮರ. ಜೀಪು ಅದರ ಮುಂದೆ ನಿಂತು ಉಸಿರು ಬಿಡುತ್ತಿತ್ತು, ಯಜಮಾನರು ಪಂಚೆ ಎತ್ತಿ ಕಟ್ಟಿ ನಡೆದು ಇಳಿಯುತ್ತಿದ್ದರು. ಕಡಿಯುವ ಮಾತು ತೆಗೆದಾಗಲೆಲ್ಲ ಸೇವಂತಿ ಅಜ್ಜಿಯದು ಒಂದೇ ಉತ್ತರ: “ನಿನ್ನ ಜೀಪು ಮರಕ್ಕೆ ಸುತ್ತು ಬರ್ಲಿ ಪದ್ಮಯ್ಯ. ಮರ ಜೀಪಿಗೆ ಸುತ್ತು ಬರ್ಲಿಕ್ಕೆ ಆಗುದಿಲ್ಲ.”

ಆ ನಾಲಿಗೆ ಬೆಳಗಿನ ಜಾವ ಸುಮ್ಮನಾಗಿತ್ತು. ಹೊತ್ತು ಏರುವ ಮೊದಲೇ ಕೊಡಲಿ ಬಂದಿತ್ತು. ಕಾಷ್ಠಕ್ಕೆಂದು ಕಡಿದ ಮರದ ಬಗ್ಗೆ ಯಾರೂ ದೂರು ಹೇಳುವಂತಿಲ್ಲ. ಅತ್ತಿಗೆಯೂ ಉರಿದಂತಾಯಿತು, ದಾರಿಯೂ ಆದಂತಾಯಿತು.

“ಕೊಳ್ಳಿ ಇಡುದು ನಾನು” ಎಂದರು ಪದ್ಮಯ್ಯ ಗೌಡರು. “ಕಾಷ್ಠ ಯಾವುದರಲ್ಲಿ ಅಂತ ಹೇಳುದೂ ನಾನೇ.”

“ಮಾವಿನ ಸೌದೆ ಬಂದ್ರೆ?”

“ಎಲ್ಲಿಂದ ಬರ್ತದೆ? ಆಕಾಶದಿಂದಲಾ?”

“ಎಲ್ಲಿಂದಾದ್ರೂ ಬರ್ಲಿ. ಹೊತ್ತು ನೆತ್ತಿಗೆ ಏರುದರೊಳಗೆ ಕಾಷ್ಠಕ್ಕೆ ಬೇಕಾದಷ್ಟು ಮಾವು ಈ ಅಂಗಳದಲ್ಲಿ ಬಿದ್ರೆ ಮರ ಮುಟ್ಟುವ ಹಾಗಿಲ್ಲ. ಎಲ್ಲರ ಎದುರು ಹೇಳಿ.”

ಪದ್ಮಯ್ಯ ಗೌಡರು ಸುತ್ತ ನೋಡಿದರು. ತಾಯಿಯಿಲ್ಲದ ಹುಡುಗಿ, ಅಜ್ಜಿಯ ಕತೆ ಕೇಳಿಕೊಂಡು ಕನಸು ಕಾಣುತ್ತ ಬೆಳೆದವಳು. ಅವಳ ಮಾತಿಗೆ ಯಾರು ತಾನೇ ಮರ ಕಡಿದುಕೊಟ್ಟಾರು?

“ಆಯ್ತು. ಅಷ್ಟರವರೆಗೆ ದುಗ್ಗಪ್ಪ ಎಲೆಯಡಕೆ ಹಾಕಲಿ. ಆಮೇಲೆ ಅಡ್ಡ ಬಂದ್ರೆ ನೋಡು.”

*

ಪ್ರೇಮಾವತಿಗೆ ಅನ್ನಕ್ಕಿಂತ ಮೊದಲು ನೆನಪಿರುವುದು ಕಂಚಿಯ ವಾಸನೆ. ಚಳಿಗಾಲದಲ್ಲಿ ಕಾಯಿ ಹಳದಿಯಾದಾಗ ಅಜ್ಜಿ ಕೊಕ್ಕೆಯಲ್ಲಿ ಕೊಯ್ದು, ಹೋಳು ಮಾಡಿ, ರಸ ಹಿಂಡಿ ತೆಗೆದು, ಸಿಪ್ಪೆಗೆ ಉಪ್ಪು ಸವರಿ ಚಾಪೆಯ ಮೇಲೆ ಹರಡುತ್ತಿದ್ದಳು. ಹಗಲು ಬಿಸಿಲಿಗೆ, ಸಂಜೆ ಒಳಗೆ. ಮಂಜು ಬಿದ್ದರೆ ಬೂಸಲು. ಚರ್ಮದ ಚೂರಿನಂತೆ ಕಪ್ಪಾಗಿ ಸುರುಟಿಕೊಂಡರೆ ಅದೇ ಸಟ್ಟು. ಭರಣಿಗೆ ತುಂಬಿಸಿ ಅಟ್ಟದಲ್ಲಿಟ್ಟರೆ ವರ್ಷ ಕಳೆದರೂ ಕೆಡುವುದಿಲ್ಲ.

“ಒಳಗಿನ ಬಿಳಿ ಕಹಿ ಅಲ್ವಾ ಅಜ್ಜಿ? ತೆಗೀಲಿಕ್ಕಿಲ್ವಾ?”

“ಕಹಿ ತೆಗೆದ್ರೆ ಗುಣವೂ ಹೋಯ್ತು. ಬಿಡು.”

ಆಮೇಲೆ ಕತೆ. ಒಂದಾನೊಂದು ಮನೆಯಲ್ಲಿ ಒಬ್ಬ ಅತ್ತೆ. ಉಪ್ಪಿಗೆ ಬೀಗ, ಮೆಣಸಿಗೆ ಬೀಗ, ಹುಣಸೆಹುಳಿಗೆ ಎರಡು ಬೀಗ. ಸೊಸೆಗೆ ಬರೀ ಗಂಜಿ. ಸೊಸೆ ಬಾವಿಕಟ್ಟೆಯಲ್ಲಿ ಕೂತು ಅಳುವಾಗ ಮಂಗಟ್ಟೆ ಹಕ್ಕಿ ಒಂದು ಬೀಜ ಬೀಳಿಸಿತು. ಕಣ್ಣೀರು ಬಿದ್ದಲ್ಲಿ ಮರ ಎದ್ದಿತು, ಮರದಲ್ಲಿ ಚಿನ್ನದ ಬಣ್ಣದ ಹುಳಿ. ಅತ್ತೆ ಬೀಗ ಹಿಡಿದುಕೊಂಡು ಓಡಿ ಬಂದಳು. ಕೊಂಬೆಯಿಂದ ಮುಳ್ಳುಗಳು ಚಾಚಿಕೊಂಡವು.

“ಸೊಸೆಗೆ ಚುಚ್ಚಲಿಲ್ವಾ?”

“ಚುಚ್ಚಿತು. ಚುಚ್ಚದೆ ಮತ್ತೆ? ಆದ್ರೆ ಸೊಸೆ ಹಿಂದೆ ಹೋಗ್ಲಿಲ್ಲ, ಅತ್ತೆ ಹೋದ್ಳು. ಅಷ್ಟೇ ವ್ಯತ್ಯಾಸ.”

*

ಹಸನಬ್ಬ ಬಂದು ಅಂಗಳದ ಹೊರಗೆ ಒಣಮೀನಿನ ಬುಟ್ಟಿ ಇಳಿಸಿ, ತಲೆಯ ಮುಂಡಾಸು ಬಿಚ್ಚಿ ನಿಂತಿದ್ದ. ಅವನು ಮನೆಮನೆಗೆ ಒಣಮೀನು ಹೊತ್ತು ತಿರುಗುವವನು. ಅಜ್ಜಿ ಮೀನಿಗೆ ಬದಲು ಸಟ್ಟು ಕೊಡುತ್ತಿದ್ದಳು. ಅರ್ಧ ಅವನ ಮನೆಗೆ, ಅರ್ಧ ದಾರಿಯ ಮನೆಗಳಿಗೆ.

“ಮೊನ್ನೆ ಕೂಡ ಅಜ್ಜಿ ಬೈದಿದ್ರು ಮಗಳೇ” ಎಂದ ಅವನು. “ಮೀನು ಒಣಗಿದ್ದು ಸಾಲದು, ನಿನ್ನ ಮುಖ ಸಾಕಷ್ಟು ಒಣಗಿದೆ ಅಂತ.”

ಪ್ರೇಮಾವತಿಗೆ ಆಗ ಮೊದಲ ಸಲ ಅಳು ಬಂತು. ನುಂಗಿಕೊಂಡಳು.

“ಕಾಕ, ಇವತ್ತು ಮೀನು ಬೇಡ. ಒಂದು ಮಾತು ಹೊತ್ತುಕೊಂಡು ಹೋಗಿ. ಅಜ್ಜಿಯ ಸಟ್ಟು ತಿಂದ ಮನೆಗೆಲ್ಲ ಹೇಳಿ. ಒಂದೊಂದು ತುಂಡು ಮಾವಿನ ಸೌದೆ ಬೇಕು, ಈಗಲೇ ಬೇಕು.”

“ತಿನ್ನದ ಮನೆ ಯಾವುದುಂಟು?” ಎಂದ ಹಸನಬ್ಬ. ಜಗಲಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಆದ್ರೆ ಗಂಡಸರು ಬರುದಿಲ್ಲ ಮಗಳೇ. ಅರ್ಧ ಊರು ದೊಡ್ಡ ಮನೆಯ ಕೆಲಸಕ್ಕೆ ಹೋಗುದು.”

“ಸಟ್ಟು ತಿಂದದ್ದು ಗಂಡಸರಾ?”

ಹಸನಬ್ಬ ಬುಟ್ಟಿಯನ್ನು ಅಲ್ಲೇ ಬಿಟ್ಟು ಗುಡ್ಡ ಇಳಿದ.

ಒಳಗೆ ಹೋಗಿ ಪ್ರೇಮಾವತಿ ಬಿಟ್ಟ ಗಂಟನ್ನು ಪೂರ್ತಿ ಮಾಡಿದಳು. ಅಜ್ಜಿಯ ಬೆರಳ ಸಂದಿಗಳಲ್ಲಿ ಉಪ್ಪಿನ ಬಿಳಿ ಇನ್ನೂ ಇತ್ತು. ನಿನ್ನೆ ಸಂಜೆಯವರೆಗೂ ಸಿಪ್ಪೆ ಮಗುಚಿದ ಕೈ. ಅದನ್ನು ತೊಳೆಯಲು ಒಬ್ಬರು ನೀರು ತಂದರು. “ಅದಿರ್ಲಿ” ಎಂದು ಪ್ರೇಮಾವತಿ ತಂಬಿಗೆಯನ್ನು ತಲೆಯ ಕಡೆಗೆ ಸರಿಸಿದಳು.

ಮೊದಲು ಬಂದವಳು ಗುಡ್ಡದಾಚೆಯ ಮುದುಕಿ ದಮಯಂತಿ. ಸೊಪ್ಪಿನ ಹೊರೆ ಹೊರುವಂತೆ ತಲೆಯ ಮೇಲೆ ಮಾವಿನ ಎರಡು ಕೊಂಬೆ. ಅಂಗಳದಲ್ಲಿ ದೊಪ್ಪನೆ ಹಾಕಿ ಸೊಂಟ ಹಿಡಿದುಕೊಂಡಳು.

“ಹೆಂಗಸರು ಕಾಷ್ಠಕ್ಕೆ ಸೌದೆ ತರುವ ಕ್ರಮ ಎಲ್ಲುಂಟು?” ಎಂದರು ಪದ್ಮಯ್ಯ ಗೌಡರು.

“ಇಲ್ಲ ಅಂತಲೂ ಯಾರೂ ಹೇಳಿದ್ದಿಲ್ಲ ಗೌಡ್ರೆ. ಗಂಡಸರಿಗೆ ಮರೆತುಹೋಯ್ತು, ನಮಗೆ ನೆನಪಾಯ್ತು. ಅಷ್ಟೇ.” ಅವಳು ಕೊಂಬೆಯ ಪಕ್ಕದಲ್ಲೇ ಕುಕ್ಕರಿಸಿದಳು. “ಆ ವರ್ಷದ ಮಳೆಗೆ ಗಂಜಿ, ಒಣಮೀನು ಬಿಟ್ರೆ ಮನೆಯಲ್ಲಿ ಎಂತದೂ ಇರ್ಲಿಲ್ಲ. ನನ್ನ ಒಸಡಲ್ಲಿ ರಕ್ತ. ಹಲ್ಲು ಅಲ್ಲಾಡ್ತಿತ್ತು. ಸೇವಂತಿಯಕ್ಕ ಇಡೀ ಆಟಿ ತಿಂಗಳು ಸಟ್ಟಿನ ಸಾರು ಕುಡಿಸಿದ್ಳು. ನೋಡಿ, ನಿಮ್ಮನ್ನು ಕಚ್ಚುವಷ್ಟು ಹಲ್ಲು ಇನ್ನೂ ಉಂಟು.”

ಆಮೇಲೆ ಇಬ್ಬರು, ಆಮೇಲೆ ಸಾಲಾಗಿ. ಒಬ್ಬಳು ಒಲೆಗಿಟ್ಟ ಸೀಳು ತಂದಳು, ಇನ್ನೊಬ್ಬಳು ಎಲೆ ಸಮೇತ ಹಸಿ ರೆಂಬೆ. ಹಸನಬ್ಬನ ಹೆಂಡತಿ ಕುಂಞಿಪಾತುಮ್ಮ ಮುರಿದ ತೊಟ್ಟಿಲಿನ ಮಾವಿನ ಹಲಗೆಯನ್ನೇ ಹೊತ್ತು ತಂದಿದ್ದಳು. ಹಾಕಿದವರು ಹಾಕಿ ಹೋಗಲಿಲ್ಲ, ಕುಳಿತು ಮಾತಿಗೆ ತೊಡಗಿದರು.

“ಜ್ವರ ಬಿಟ್ಟ ಬಾಯಿಗೆ ಆ ತಂಬುಳಿ. ತುಪ್ಪದಲ್ಲಿ ಜೀರಿಗೆ, ಒಳ್ಳೆಮೆಣಸು, ಒಂದು ಚೂರು ಸಟ್ಟು ಹುರಿದು, ಕಾಯಿಯೊಟ್ಟಿಗೆ ಅರೆದು, ಮಜ್ಜಿಗೆ ಹಾಕಿ.”

“ನನಗೆ ಬೆಲ್ಲ ಹಾಕಿದ ಗೊಜ್ಜು.”

“ನಿನಗೆ ಬೆಲ್ಲ ಇದ್ರೆ ಕಲ್ಲಾದ್ರೂ ಆದೀತು.”

ಒಂದು ನಗು ಎದ್ದು, ಹೆಣದ ಕಡೆ ನೋಡಿ ಅಡಗಿತು. ಮಲಗಿದವಳಿಗೂ ನಗು ತಡೆಯಲಾಗುತ್ತಿಲ್ಲವೇನೋ ಎಂದು ಪ್ರೇಮಾವತಿಗೆ ಕಂಡಿತು.

ಪದ್ಮಯ್ಯ ಗೌಡರು ಎದ್ದು ಬಂದು ರಾಶಿಯನ್ನು ಕಾಲಿನಲ್ಲಿ ತಳ್ಳಿದರು. “ಇದು ಒಲೆಗೆ ಸಾಕು. ಕಾಷ್ಠದ ಅಡಿಯಲ್ಲಿ ಇಡ್ಲಿಕ್ಕೆ ದಪ್ಪದ ತುಂಡು ಬೇಕು. ಪುಳ್ಳೆಯ ಮೇಲೆ ಹೆಣ ನಿಲ್ತದಾ?”

ಅದು ನಿಜವೇ ಆಗಿತ್ತು. ಅಡಿಯ ತುಂಡಿಗೆ ದೊಡ್ಡ ಮರವೇ ಬೀಳಬೇಕು. ಅಂಥ ಮಾವು ಇದ್ದದ್ದು ಕೆಳಗಿನ ಹಿತ್ತಲಿನಲ್ಲಿ ಮಾತ್ರ. ಪ್ರೇಮಾವತಿ ನೆಲ ನೋಡಿದಳು. ಕಂಚಿಮರದ ನೆರಳು ಬುಡದ ಹತ್ತಿರಕ್ಕೆ ಸರಿದುಬಂದಿತ್ತು.

“ದುಗ್ಗಪ್ಪ, ಏಳು” ಎಂದರು ಪದ್ಮಯ್ಯ ಗೌಡರು.

ದುಗ್ಗಪ್ಪ ಎಲೆಯಡಕೆ ಉಗುಳಿದ. ಪ್ರೇಮಾವತಿ ಮತ್ತೆ ಮರಕ್ಕೆ ಬೆನ್ನು ಕೊಟ್ಟಳು.

*

ಪ್ರೇಮಾವತಿ ಚಿಕ್ಕವಳಿದ್ದಾಗ ಒಂದು ದಿನ ಅಜ್ಜಿಯ ಜತೆ ತೋಡಿಗೆ ಹೋಗಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪದ್ಮಯ್ಯ ಗೌಡರ ಹೆಂಡತಿ ಕಮಲಾವತಿ ಕುಳಿತಿದ್ದಳು. ಗೌಡರು ತಡವಾಗಿ ಮದುವೆಯಾದವರು, ಅವಳು ಆಗಿನ್ನೂ ಹೊಸ ಮದುಮಗಳು. ಬಸುರಿ. ಗಂಜಿಯ ತಿಳಿಯೂ ಹೊಟ್ಟೆಯಲ್ಲಿ ನಿಲ್ಲದೆ ಕೈಕಾಲು ಕಡ್ಡಿಯಾಗಿದ್ದವು. ಬಸುರಿಗೆ ಹುಳಿ ಕೂಡದೆಂದು ದೊಡ್ಡ ಮನೆಯ ಅತ್ತೆಯ ಕಟ್ಟಪ್ಪಣೆ. ಹುಣಸೆಯ ಭರಣಿ ಬೀಗದೊಳಗೆ.

ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಸಟ್ಟನ್ನು ಅವಳ ಸೆರಗಿಗೆ ಕಟ್ಟಿದಳು.

“ಹಲ್ಲಿನ ಸಂದಿಯಲ್ಲಿಟ್ಟು ಚೀಪು. ಅತ್ತೆ ಕೇಳಿದ್ರೆ ಅಡಕೆ ಅಂತ ಹೇಳು.”

“ಬಾಯಿ ಕೆಂಪಾಗ್ಲಿಲ್ಲ ಯಾಕೆ ಅಂತ ಕೇಳಿದ್ರೆ ಅಕ್ಕ?”

“ಗಂಡನ ಪ್ರೀತಿ ಸಾಲದು ಅಂತ ಹೇಳು.”

ಕಮಲಾವತಿ ನಕ್ಕಳು. ಒಂದು ಚೂರು ಬಾಯಿಗಿಟ್ಟಳು. ಹುಳಿಗೂ ಕಹಿಗೂ ಮುಖ ಕಿವುಚಿ, ಕಣ್ಣಲ್ಲಿ ನೀರು ತುಂಬಿ, ಎಷ್ಟೋ ದಿನಗಳ ಮೇಲೆ ಹಸಿವಾಯಿತೆಂದಳು.

*

“ನಿಲ್ಸು ದುಗ್ಗಪ್ಪ.”

ದನಿ ಕೆಳಗಿನ ದಾರಿಯಿಂದ ಬಂತು. ದೊಡ್ಡ ಮನೆಯ ಇಬ್ಬರು ಆಳುಗಳು ಪಲ್ಲಕ್ಕಿಯ ಅಡ್ಡೆ ಹೊತ್ತವರಂತೆ ಹೆಗಲು ಕೊಟ್ಟು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು. ಹೆಗಲ ಮೇಲೆ ತೊಡೆಗಿಂತ ದಪ್ಪದ ಮಾವಿನ ಕೊಂಬು. ಅದರ ತುದಿ ನೆಲ ಗುಡಿಸುತ್ತಿತ್ತು, ತುದಿಯ ತುಂಬ ಹೂ. ಹಿಂದೆ ಕಮಲಾವತಿ. ಸೀರೆಯ ಮೇಲೆ ಮಾವಿನ ಸೊನೆಯ ಕಲೆ. ಗಂಡನ ಎದುರು ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರದ ಹೆಂಗಸು.

ಪದ್ಮಯ್ಯ ಗೌಡರಿಗೆ ತಮ್ಮ ಮರದ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

“ಇದು ನಮ್ಮ ಮಿಡಿ ಮರದ್ದಲ್ವಾ? ಯಾರು ಕಡಿದದ್ದು?”

“ಇವರೇ ಕಡಿದದ್ದು. ನಿಂತು ಕಡಿಸಿದ್ದು ನಾನು. ಇನ್ನೆರಡು ತುಂಡು ಹಿಂದಿನಿಂದ ಬರ್ತಾ ಉಂಟು.”

“ನಿನಗೆ ತಲೆ ಸರಿ ಉಂಟಾ?”

“ಉಂಟು. ನಿಮ್ಮ ಇಬ್ಬರು ಮಕ್ಕಳೂ ನನ್ನ ಹೊಟ್ಟೆಯಲ್ಲಿ ಉಳಿದದ್ದು ಈ ಮರದ ಹುಳಿ ತಿಂದು. ಆಗ ನಿಮ್ಮ ಅವ್ವ ಕೇಳಿದ್ರೆ ಅಡಕೆ ಅಂತ ಹೇಳ್ತಿದ್ದೆ. ಈಗ ನೀವು ಕೇಳಿದ್ದಕ್ಕೆ ಕಂಚಿ ಅಂತ ಹೇಳ್ತೇನೆ.” ಅವಳು ಕೊಂಬನ್ನು ಇಳಿಸುವಂತೆ ಆಳುಗಳಿಗೆ ಕೈ ತೋರಿಸಿದಳು. “ಕ್ರಮ ಮಾವಿನದ್ದು ಅಲ್ವಾ? ಮಾವು ಬಂತು. ಕೊಳ್ಳಿ ಇಡುವವರು ನೀವೇ, ಇಡಿ. ನಿಮ್ಮ ಜೀಪಿಗೆ ಬೇರೆ ತಿರುವು ನೋಡಿ.”

ಕೊಂಬು ನೆಲಕ್ಕೆ ಬಿದ್ದಾಗ ಹೂವು ಅಂಗಳದ ತುಂಬ ಉದುರಿತು. ದಮಯಂತಿ ತಲೆಯೆತ್ತಿ ಸೂರ್ಯನನ್ನು ನೋಡಿದಳು. ಉಳಿದವರೂ ನೋಡಿದರು. ಹೊತ್ತು ನೆತ್ತಿಗೆ ಇನ್ನೂ ಒಂದು ಮೊಳ ಬಾಕಿ ಇತ್ತು. ಪದ್ಮಯ್ಯ ಗೌಡರೂ ನೋಡಿದರು, ಶಾಲನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಂಡು ಜಗಲಿಗೆ ಹತ್ತಿದರು.

ದುಗ್ಗಪ್ಪ ಕೊಡಲಿಯನ್ನು ಕಂಚಿಮರಕ್ಕೆ ಒರಗಿಸಿ, ಕೊಂಬಿಗೆ ಹೆಗಲು ಕೊಡಲು ಹೋದ.

ಸೇವಂತಿ ಅಜ್ಜಿ ಊರ ಮಾವಿನ ಮೇಲೆ ಮಲಗಿ ಉರಿದಳು. ಹೂವಿನ ಹಸಿ ಕೊಂಬು ಮೊದಲು ಬುಸುಗುಟ್ಟಿ ಹೊಗೆಯಾಡಿ, ಆಮೇಲೆ ಹಿಡಿಯಿತು. ಬಿಸಿಲು ಇಳಿಯುವಾಗ ಜನ ಮಿಂದು ಒಬ್ಬೊಬ್ಬರಾಗಿ ಹೋದರು. ಉಳಿದವಳು ದಮಯಂತಿ.

ಹೆಣ ಮಲಗಿಸಲೆಂದು ಬೆಳಿಗ್ಗೆ ಯಾರೋ ಸಿಪ್ಪೆಯ ಚಾಪೆಯನ್ನು ಸುರುಳಿ ಸುತ್ತಿ ಮೂಲೆಗೆ ಎಸೆದಿದ್ದರು. ಪ್ರೇಮಾವತಿ ಒದ್ದೆ ಕೂದಲಲ್ಲೇ ಅದನ್ನು ಎತ್ತಿ ತಂದು ಕಂಚಿಮರದ ಪಕ್ಕ, ಕೊನೆಯ ಬಿಸಿಲು ಬೀಳುವಲ್ಲಿ ಬಿಡಿಸಿದಳು. ಅಜ್ಜಿ ಹರಡಿದ್ದ ಚೂರುಗಳು ಒಂದರ ಮೇಲೊಂದು ಕೂತಿದ್ದವು. ಬಿಡಿಬಿಡಿಯಾಗಿ ಹರಡತೊಡಗಿದಳು.

“ಸೂತಕದ ಮನೆಯದ್ದು ಮಗಾ. ಬಿಸಾಡ್ಬೇಕು ಅಂತ ಹೇಳ್ತಾರೆ” ಎಂದಳು ದಮಯಂತಿ, ತಾನು ಹೇಳುತ್ತಿಲ್ಲ ಎಂಬಂತೆ.

“ಸೂತಕ ನನಗೆ. ಕಂಚಿಗೆ ಎಂತ ಸೂತಕ?”

ಗುಡ್ಡದ ಮೇಲಿನಿಂದ ಗಾಳಿ ಇಳಿಯಿತು. ಚಾಪೆಯ ಒಂದು ಬದಿ ಎದ್ದು ಮಡಚಿಕೊಳ್ಳಲು ಹೊರಟಿತು. ಭಾರಕ್ಕೆ ಇಡಲು ಕಲ್ಲಿಗಾಗಿ ಪ್ರೇಮಾವತಿ ಸುತ್ತ ನೋಡಿದಳು. ದುಗ್ಗಪ್ಪ ಮರೆತುಹೋದ ಕೊಡಲಿ ಮರಕ್ಕೆ ಒರಗಿಕೊಂಡೇ ಇತ್ತು. ಅದನ್ನು ತಂದು ಚಾಪೆಯ ಅಂಚಿಗೆ ಅಡ್ಡ ಮಲಗಿಸಿದಳು.

ಗಾಳಿ ಮತ್ತೊಮ್ಮೆ ಬಂತು. ಚಾಪೆ ಏಳಲಿಲ್ಲ.