ನೀರಿನ ತೋಟಕ್ಕೆ ಎಡ ಬೈತಲೆ

ಆ ಗಾಜಿನ ತೊಟ್ಟಿಯ ಹಸಿರು ಎಂಥದ್ದೆಂದರೆ, ಏಳು ಊರಿನ ಹಕ್ಕಿಗಳು ಕಡ್ಡಿ ಕಚ್ಚಿಕೊಂಡು ಬಂದು, ಗೂಡು ಕಟ್ಟಲು ಜಾಗ ಕೊಡಿ ಎಂದು ಮೂರನೇ ಮಹಡಿಯ ಕಿಟಕಿಯಾಚೆ ಸಾಲುಗಟ್ಟಿ ನಿಂತಿದ್ದವು. ಒಂದು ಕೊಕ್ಕರೆಯಂತೂ ಶಿಫಾರಸು ಮಾಡಿಸಿಕೊಂಡೇ ಬಂದಿತ್ತು.

ನಂಬದಿದ್ದರೆ ಬಿಡಿ. ತೊಟ್ಟಿ ಕಟ್ಟಿದ ಕ್ಷೌರಿಕ ತನ್ನ ಸಲೂನಿನ ಕುರ್ಚಿಯಲ್ಲಿ ಕೂತ ಪ್ರತಿ ತಲೆಗೂ ಇದನ್ನೇ ಹೇಳುತ್ತಿದ್ದ, ಎಲ್ಲರೂ ಒಪ್ಪುತ್ತಿದ್ದರು. ಕುತ್ತಿಗೆಯ ಮೇಲೆ ಕತ್ತಿ ಆಡುತ್ತಿರುವಾಗ ಯಾರು ತಾನೇ ಇಲ್ಲ ಎಂದಾರು?

ತೊಟ್ಟಿ ಬಂದದ್ದು ಅಕ್ಕನ ಸಲುವಾಗಿ. ತಾಯಿ ಹೋದ ಮೇಲೆ ಕ್ಷೌರಿಕನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ನರ್ಸ್ ಕೆಲಸದಿಂದ ನಿವೃತ್ತಳಾಗಿ, ಹಿತ್ತಿಲಿದ್ದ ಒಂದು ಬಾಡಿಗೆ ಮನೆಯಲ್ಲಿ ಗಿಡಗಳ ನಡುವೆ ಹಾಯಾಗಿದ್ದಳು. ಆ ಮನೆ ಮಾರಾಟವಾಯಿತು, ಅಕ್ಕ ತಮ್ಮನ ಮನೆಗೆ ಬಂದಳು. ಮೂರನೇ ಮಹಡಿಯಲ್ಲಿ ಮಣ್ಣೆಲ್ಲಿ? ಅಡುಗೆಮನೆಯಿಂದ ಹಜಾರ, ಹಜಾರದಿಂದ ಬಾಲ್ಕನಿ, ಮತ್ತೆ ಅಡುಗೆಮನೆ. ಅವಳು ನಡೆದ ನಡಿಗೆಯನ್ನೆಲ್ಲ ಉದ್ದಕ್ಕೆ ಹಾಸಿದ್ದರೆ ಭೂಮಿಗೆ ಎರಡು ಸುತ್ತು ಬಂದು, ಗಂಟು ಹಾಕುವುದಕ್ಕೂ ಮಿಗುತ್ತಿತ್ತು. ಅವಳ ಚೀಲವೋ, ಬಂದ ದಿನ ಹೇಗಿತ್ತೋ ಹಾಗೆಯೇ ಬಾಗಿಲ ಹಿಂದೆ ತುಂಬಿಕೊಂಡು ನಿಂತಿತ್ತು.

"ಕೈಗೆ ಕೆಲಸ ಇಲ್ಲ ಕಣೋ ಪುಟ್ಟಾ," ಎಂದಳು ಒಂದು ದಿನ. "ಈ ತಿಂಗಳು ನೋಡ್ತೀನಿ. ಆಮೇಲೆ ನನ್ನ ಗೆಳತಿ ಊರಿಗೆ ಹೋಗಿಬಿಡ್ತೀನಿ. ಅವಳ ಮನೆ ಹಿಂದೆ ಇಷ್ಟಗಲ ಆದ್ರೂ ಮಣ್ಣಿದೆ."

ಐವತ್ತು ದಾಟಿದ ಪುಟ್ಟ ಕೂತಲ್ಲಿಂದ ಎದ್ದೇಬಿಟ್ಟ. "ಮಣ್ಣು ತಾನೇ? ತೋಟಾನೇ ತರ್ತೀನಿ ಇಲ್ಲಿಗೆ! ನೀರೊಳಗಿನ ತೋಟ!"

"ರೈಲು ಬಿಡ್ಬೇಡ."

"ರೈಲಲ್ಲ ಅಕ್ಕ, ಗಾಜಿನ ತೊಟ್ಟಿ."

ಅಲಂಕಾರದ ಮೀನು ಮಾರುವ ಅಂಗಡಿಯವನು ಗಿಡಗಳನ್ನು ಕಟ್ಟಿಕೊಡುತ್ತಾ ಏನೋ ಮುಖ್ಯವಾದದ್ದನ್ನೇ ಹೇಳುತ್ತಿದ್ದ. ಆದರೆ ನಮ್ಮ ಕ್ಷೌರಿಕ ಆ ಹೊತ್ತಿಗೆ, ತಾನೊಮ್ಮೆ ಕಣ್ಣು ಕಟ್ಟಿಕೊಂಡು ಸಿಂಹಕ್ಕೆ ಕ್ಷೌರ ಮಾಡಿದ ಕಥೆಯ ನಟ್ಟನಡುವೆ ಇದ್ದ. "ಬೇರು ಮಾತ್ರ ಕದಲಿಸ್ಬೇಡಿ," ಎಂಬ ಬಾಲವಷ್ಟೇ ಕಿವಿಗೆ ಬಿತ್ತು. ಅದೂ ಒಂದೇ ಕಿವಿಗೆ.

ತೊಟ್ಟಿ ಕಟ್ಟಿದ್ದು ಮಾತ್ರ ಕಣ್ಣಿಗೆ ಹಬ್ಬ. ತಳಕ್ಕೆ ಗೊಬ್ಬರದ ಮಣ್ಣು, ಅದರ ಮೇಲೆ ಮರಳು, ಮುಂದೆ ತಗ್ಗು, ಹಿಂದಕ್ಕೆ ಏರು. ಮುಂದೆ ಮೋಟು ಹುಲ್ಲು, ಪಕ್ಕಕ್ಕೆ ನಡುಮಟ್ಟದ ಗಿಡ, ಹಿಂದೆ ಉದ್ದ ಕಾಂಡದವು. ಥೇಟ್ ಅವನ ಸಲೂನಿನ ಕ್ರಾಪು. ಸೊಟ್ಟ ಕೊರಡೊಂದನ್ನು ಮಧ್ಯಕ್ಕೆ ಇಡಲು ಹೋದ ಹೆಂಡತಿಯ ಕೈ ಹಿಡಿದು ತಡೆದ.

"ನಡು ಬೈತಲೆ ಎಲ್ಲಾ ಮುಖಕ್ಕೂ ಒಪ್ಪಲ್ಲ ಕಣೇ. ಎಡಕ್ಕೆ ತೆಗೀಬೇಕು."

ಕೊರಡು ಬಲಕ್ಕೆ ಸರಿಯಿತು. ಎಡಗಡೆ ಬಿಳಿ ಮರಳಿನ ಕಾಲುದಾರಿ ಹಿಂದೆ ಹಿಂದೆ ಹೋಗುತ್ತಾ ಸಣ್ಣಗಾಗಿ, ಎರಡು ಮೊಳದ ತೊಟ್ಟಿಯೊಳಗೆ ಒಂದು ಮೈಲಿ ದೂರ ಕಾಣಿಸಿತು. ಹೋಗಲಿ, ಅರ್ಧ ಮೈಲಿ.

ನಡೆಯುತ್ತಿದ್ದ ಅಕ್ಕ ನಿಂತಳು. ನೋಡಿದಳು. "ಚೆನ್ನಾಗಿದೆ. ಬೇರು ಹಿಡೀಲಿ, ನೋಡೋಣ," ಎಂದು ಮತ್ತೆ ನಡೆದಳು.

ಬೇರು ಹಿಡಿಯುವವರೆಗೆ ಕ್ಷೌರಿಕನ ಕೈ ಸುಮ್ಮನಿರಬೇಕಲ್ಲ! ಒಂದು ಕಾಂಡ ಕೂದಲೆಳೆಯಷ್ಟು ಎತ್ತರ ಕಂಡರೆ ಕಿತ್ತ, ನೆಟ್ಟ. ಆಮೇಲೆ ಪಕ್ಕದ್ದು ಕುಳ್ಳಾಯಿತು, ಅದನ್ನೂ ಕಿತ್ತ. ಅಂಗಡಿಯವನು ಕೊಟ್ಟಿದ್ದ ಮೊಳದುದ್ದದ ಚಿಮುಟ ಅವನ ಆರನೇ ಬೆರಳಾಯಿತು. ಸಲೂನಿನಲ್ಲಿದ್ದರೂ ಜೀವವೆಲ್ಲ ತೊಟ್ಟಿಯಲ್ಲಿ. ಗಿರಾಕಿಯ ಅರ್ಧ ಮೀಸೆ ಹಾಗೇ ಬಿಟ್ಟು ಮನೆಗೆ ಓಡಿದ್ದೂ ಉಂಟು.

"ರೀ, ನಿಮ್ಮ ಕೈಗೇನು ಇರುವೆ ಹತ್ತಿದೆಯಾ? ಒಂದು ದಿನ ಬಿಟ್ಟಿರಿ ಅದನ್ನ!" ಎಂದಳು ಹೆಂಡತಿ.

"ಇನ್ನೊಂಚೂರು, ಇನ್ನೊಂಚೂರು."

ಅತ್ತ ಅಕ್ಕ ನಡೆಯುತ್ತಿದ್ದಳು, ಇತ್ತ ತಮ್ಮ ಕೀಳುತ್ತಿದ್ದ. ಆ ಮನೆಯಲ್ಲಿ ನಿಂತಲ್ಲಿ ನಿಂತಿದ್ದದ್ದು ಫ್ರಿಜ್ ಒಂದೇ. ಅದೂ ಆಗಾಗ ನಡುಗುತ್ತಿತ್ತು.

ಅಷ್ಟರಲ್ಲಿ ಎಲೆಗಳು ಕರಗತೊಡಗಿದವು. ಅಂಚು ಗಾಜಿನಂತಾಗಿ, ಲೋಳೆಯಾಗಿ, ಒಂದೊಂದೇ ಕಳಚಿ ತೇಲಿದವು. ಎಷ್ಟೋ ಬೋಳು ತಲೆಗಳನ್ನು ಕಂಡ ಕ್ಷೌರಿಕನಿಗೆ ಇಂಥ ಉದುರುವಿಕೆ ಹೊಸದು. ಅಕ್ಕ ಹೆಂಡತಿಯೊಂದಿಗೆ ಪೇಟೆಗೆ ಹೋದದ್ದೇ ತಡ, ಎಲ್ಲವನ್ನೂ ಬೇರುಸಹಿತ ಕಿತ್ತು ಬಾಲ್ಕನಿಯ ಮೂಲೆಯಲ್ಲಿದ್ದ ನೀರಿನ ಬಕೆಟ್ಟಿಗೆ ತುರುಕಿ, ಮುಂದೆ ಪೊರಕೆ ನಿಲ್ಲಿಸಿ, ಮರೆತೂಬಿಟ್ಟ.

ಬೋಳಾದ ತಲೆಗೆ ಏನು ಮದ್ದು? ವಿಗ್. ಬೇರೊಂದು ಅಂಗಡಿಯಿಂದ ಪ್ಲಾಸ್ಟಿಕ್ ಗಿಡಗಳು ಬಂದವು. ಅದೇ ಏರು, ಅದೇ ತಗ್ಗು, ಅದೇ ಎಡ ಬೈತಲೆ. ನಾಲ್ಕು ಪುಟ್ಟ ಮೀನುಗಳನ್ನೂ ಬಿಟ್ಟ. ಹಕ್ಕಿಗಳ ಕಥೆ ಹುಟ್ಟಿದ್ದು ಆಗಲೇ.

ಆಶ್ಚರ್ಯವೆಂದರೆ, ಅಕ್ಕನ ನಡಿಗೆ ಕಡಿಮೆಯಾಯಿತು. ತೊಟ್ಟಿಗೂ ಬಾಲ್ಕನಿ ಬಾಗಿಲಿಗೂ ನಡುವೆ ಕುರ್ಚಿ ಹಾಕಿಕೊಂಡು ಕೂರತೊಡಗಿದಳು. ಈಗ ನಡೆಯುವ ಸರದಿ ಕ್ಷೌರಿಕನದು. ಅವಳು ಗಾಜಿನತ್ತ ಬಗ್ಗಿದರೆ ಸಾಕು, ಅವನು ಓಡಿ ಬಂದು ಅಡ್ಡ ನಿಲ್ಲುತ್ತಿದ್ದ.

"ಅಷ್ಟು ಹತ್ರ ಹೋಗ್ಬೇಡ ಅಕ್ಕ, ಮೀನಿಗೆ ನಾಚಿಕೆ!"

ತಿಂಗಳ ಕೊನೆಯ ರಜೆಯ ದಿನ ಬೆಳಿಗ್ಗೆ, ಅಕ್ಕ ತೋಳು ಮೇಲೆ ಸರಿಸಿ ತೊಟ್ಟಿಗೆ ಕೈ ಹಾಕಿದಳು. ಗಿಡ ಸಾಕಿದವರ ಚಾಳಿಯಂತೆ ಒಂದು ಎಲೆಯನ್ನು ಉಗುರಿನಿಂದ ಜಿಗುಟಿ, ಬೆರಳು ಮೂಸಿ ನೋಡಿದಳು.

"ಪುಟ್ಟಾ, ಇದು ಎಷ್ಟು ಬೆಳೀತು?"

"ದಿನಕ್ಕೊಂದು ಗೇಣು! ಕತ್ತರಿಸಿ ಕತ್ತರಿಸಿ ನನ್ನ ಕೈಯೇ ಸೋತುಹೋಯ್ತು."

"ಕತ್ತರಿಸಿದ ತುದಿಗಳೆಲ್ಲಿ?"

"ಅದು... ಹಕ್ಕಿಗಳು ಕಚ್ಕೊಂಡು ಹೋದ್ವು."

ಹೆಂಡತಿ ಗೋಡೆ ಕಡೆ ತಿರುಗಿಕೊಂಡಳು. ಅವಳ ಭುಜಗಳು ಕುಣಿಯುತ್ತಿದ್ದವು.

"ಬಾ ಇಲ್ಲಿ," ಎಂದು ಅಕ್ಕ ಅವನ ಕಿವಿ ಹಿಡಿದೇ ಬಾಲ್ಕನಿಗೆ ಕರೆದೊಯ್ದು ಪೊರಕೆ ಸರಿಸಿದಳು. ಬಕೆಟ್ಟಿನಲ್ಲಿ, ಕೊಳೆತಂತಿದ್ದ ಒಂದೊಂದು ಕಾಂಡದ ಗೆಣ್ಣಿನಲ್ಲೂ ಹೊಸ ಎಲೆ! ಹಳೆಯದರಂತೆ ದಪ್ಪವಲ್ಲ, ತೆಳ್ಳಗೆ, ನೀರಿಗೆಂದೇ ಹುಟ್ಟಿದವು. ನೆಲದ ಮೇಲೆ ಬೆಳೆದ ಗಿಡ ನೀರಿಗಿಳಿದರೆ ಹಳೆ ಎಲೆ ಕರಗಿ ಹೊಸದು ಬರುತ್ತದೆ ಎಂದೇ ಅಂಗಡಿಯವನು ಅಂದು ಹೇಳುತ್ತಿದ್ದದ್ದು.

"ನಡೀತಾ ನಡೀತಾ ಒಂದಿನ ವಾಸನೆ ಬಂತು. ಚೆಲ್ಲೋಣ ಅಂತ ಬಗ್ಗಿದೆ, ಒಂದು ಚಿಗುರು ಕಾಣಿಸ್ತು. ಹಾಗೇ ಬಿಟ್ಟೆ."

"ಮತ್ತೆ ದಿನಾ ಕೂತ್ಕೊಂಡು ತೊಟ್ಟಿ ನೋಡ್ತಿದ್ದೆಯಲ್ಲ?"

"ತೊಟ್ಟಿ ಅಲ್ಲವೋ. ಈ ಬಕೆಟ್ಟು ನೋಡ್ತಿದ್ದೆ, ನಿನ್ನನ್ನ ನೋಡ್ತಿದ್ದೆ. ಯಾವತ್ತು ಬಾಯಿ ಬಿಡ್ತೀಯೋ ಅಂತ."

ಬಾಯಿ ಬಿಟ್ಟ. "ಪ್ಲಾಸ್ಟಿಕ್ ಅಕ್ಕ. ಎಲ್ಲಾ ಪ್ಲಾಸ್ಟಿಕ್ಕೇ. ಎಲೆ ಕರಗಿದ್ದು ಕಂಡ್ರೆ ನೀನು ಹೊರಟೇ ಹೋಗ್ತೀಯ ಅಂತ ಭಯ ಆಯ್ತು."

ಅಷ್ಟು ಚಿಕ್ಕ ಮಾತನ್ನು ಅವನು ಹುಟ್ಟಿದಾಗಿನಿಂದ ಆಡಿರಲಿಲ್ಲ.

ಅಕ್ಕ ಅವನ ಕಿವಿ ಬಿಟ್ಟಳು. ಆಮೇಲೆ ಕೈ ಚಾಚಿದಳು. "ಆ ಚಿಮುಟ ಕೊಡು. ನೆಡೋದು ನಾನು. ನೀನು ಕೈ ಕಟ್ಕೊಂಡು ಆ ಕುರ್ಚೀಲಿ ಕೂತ್ಕೋ."

ಬಕೆಟ್ಟನ್ನು ಒಳಗೆ ತರುವಾಗ ನೀರು ಹಜಾರದ ತುಂಬ ಚೆಲ್ಲಿತು. ಹೆಂಡತಿ ಬಟ್ಟೆ ಹುಡುಕುವಷ್ಟರಲ್ಲಿ ಅಕ್ಕ ಬಾಗಿಲ ಹಿಂದಿನ ಚೀಲ ಬಿಚ್ಚಿ, ತನ್ನ ಹಳೆಯ ಟವೆಲ್ ಎಳೆದು ತಂದು ಒರೆಸಿದಳು. ಚೀಲ ಬಾಯಿ ತೆರೆದುಕೊಂಡೇ ಬಿದ್ದಿತ್ತು.

ಇನ್ನು, ಏಳು ಊರಿನ ಹಕ್ಕಿಗಳ ಮಾತು. ಆಯಿತು ಬಿಡಿ, ಸಾಲೂ ಇರಲಿಲ್ಲ, ಕೊಕ್ಕರೆಯೂ ಇರಲಿಲ್ಲ. ಒಂದು ಗುಬ್ಬಿ ಬಂದಿತ್ತು. ಅದೂ ತೊಟ್ಟಿಗಲ್ಲ, ಬಾಲ್ಕನಿಯ ಬಕೆಟ್ಟಿಗೆ, ನೀರು ಕುಡಿಯಲು.