ಗೌಡರ ಮನೆಯ ಬೀಸುಕಲ್ಲು

ಗಂಡನ ಮೂರನೇ ದಿನದ ಶಾಸ್ತ್ರ ಮುಗಿಸಿ ನೆಂಟರೆಲ್ಲ ಹೊಳೆ ದಾಟಿ ಹೋಗಿದ್ದರು. ಮರುದಿನ ಮುಂಜಾನೆ ಅಮೃತ ಎದ್ದು ಒಲೆ ಹಚ್ಚಿದಳು, ಎರಡು ರೊಟ್ಟಿ ಬಡಿದಳು. ಎರಡನೆಯದನ್ನು ತಿನ್ನುವವರಿಲ್ಲವೆಂದು ನೆನಪಾದಾಗ ಅದನ್ನು ಅಂಗಳದ ಆಡಿಗೆ ಹಾಕಿದಳು. ಅಳು ಬರಲಿಲ್ಲ.

ಗಂಡ ಭಗವಂತ ಭೀಮಾ ಹೊಳೆಯ ಈ ನಡುಗಡ್ಡೆಯಲ್ಲಿ ಸಂಗವ್ವನ ಗುಡಿಯ ಪೂಜಾರಿ. ಪೂಜೆಗಿಂತ ಬರವಣಿಗೆಯ ಗೀಳು ಹೆಚ್ಚು. ಗಡ್ಡೆಯ ಕಥೆ, ಹಾಡು ಒಂದನ್ನೂ ಬಿಡದೆ ಬರೆದಿಟ್ಟಿದ್ದ. ಕಲ್ಲು ತಿರುಗದೆ ಹೆಂಗಸರಿಗೆ ಹಾಡು ನೆನಪಾಗದು ಎಂದು ಕರಜಗಿ ಕಡೆಯ ದಡದ ಗೌಡ ದೌಲತರಾಯನ ತಾಯಿಯಿಂದ ಬೀಸುಕಲ್ಲು ಎರವಲು ತಂದಿದ್ದ. ಆ ಕಲ್ಲು ತಿರುಗಿಸುತ್ತಲೇ ಮುದುಕಿ ಸಾಬವ್ವ ಹಳೆಯ ಹಾಡೊಂದನ್ನು ಹೇಳಿದ್ದಳು: ಗೌಡನ ಮುತ್ತಜ್ಜ ಮಹಾಪೂರದಲ್ಲಿ ಹರಿಗೋಲಿನ ಹಗ್ಗ ಕಡಿದು, ಈಗ ಗುಡಿಯಲ್ಲಿ ಪೂಜೆಗೊಳ್ಳುವ ಸಂಗವ್ವನನ್ನೂ ಅವಳ ಕೂಸನ್ನೂ ಮುಳುಗಿಸಿ, ಗಡ್ಡೆಯ ಹೊಲ ನುಂಗಿದ್ದು. ಭಗವಂತ ಅದನ್ನೂ ಕಾಗದಕ್ಕಿಳಿಸಿದ್ದು ಗೌಡನ ಕಿವಿಗೆ ಬಿದ್ದಿತ್ತು.

ಭಗವಂತ ಜ್ವರದಲ್ಲಿ ಬಿದ್ದಾಗ ದವಾಖಾನೆಗೆ ಒಯ್ಯಬೇಕಿದ್ದ ಹರಿಗೋಲನ್ನು ಗೌಡ ತಡೆದ. "ಮೊದಲ ಕಾಗದ, ಆಮ್ಯಾಲ ಹರಗೋಲ," ಎಂದು ಹೇಳಿಕಳಿಸಿದ. ಹೈದರಾಬಾದಿನಲ್ಲಿ ಬಿ.ಎ. ಓದಿದ ಅಮೃತ ಕಾಗದದ ಗಂಟನ್ನು ತಾನೇ ಎತ್ತಿಕೊಟ್ಟಳು. ಅದು ಗೌಡನ ಒಲೆಗೆ ಹೋಯಿತು. ಹರಿಗೋಲು ಬರುವಷ್ಟರಲ್ಲಿ ಭಗವಂತನ ಉಸಿರು ನಿಂತಿತ್ತು.

ಬಿಸಿಲೇರುವ ಹೊತ್ತಿಗೆ ಅಂಬಿಗ ಚಂದಪ್ಪ ಬಂದು ತಲೆ ತಗ್ಗಿಸಿ ನಿಂತ.

"ಬೀಸೂಕಲ್ಲ ವಾಪಸ್ ಕೇಳ್ಯಾರ್ರಿ ಗೌಡ್ರು. ಮಗಳ ಮದುವಿ ಅದ."

"ಹೊರು. ನಾನೂ ಬರ್ತೇನಿ."

"ನೀವ್ಯಾಕ್ರಿ ಬಾಯಿ, ಇಂಥಾ ಹೊತ್ತಿನ್ಯಾಗ?"

"ಎರವಲು ಕಲ್ಲ ಮೂಕಾಗಿ ಒಪ್ಪಸ್ತಾರೇನು?"

ಅದು ಚಂದಪ್ಪನಿಗೂ ಗೊತ್ತು. ಒಡೆಯನ ಅಂಗಳದಲ್ಲಿ ಒಂದು ಮುಕ್ಕು ಜೋಳ ಬೀಸಿ, ಒಂದು ಹಾಡು ಹಾಡಿಯೇ ಒಪ್ಪಿಸಬೇಕು. ಹಾಡು ಮುಗಿಯುವ ಮೊದಲು ಕಲ್ಲು ತಡೆದರೆ ಆ ಮನೆಯ ಕಣಜಕ್ಕೆ ಹುಳ.

ಗೌಡನ ಅಂಗಳದಲ್ಲಿ ಬೀಗರ ಹೆಂಗಸರು ಅರಿಶಿಣ ಕುಟ್ಟುತ್ತಿದ್ದರು. ಗೌಡ ನಕ್ಕ. "ಬಿ.ಎ. ಓದಿದಾಕಿಗೆ ಬೀಸಾಕೂ ಬರ್ತದೇನಬೇ?"

"ನಿಮ್ಮ ಕಲ್ಲೇ ಕಲಿಸ್ಯದ್ರಿ." ಅಮೃತ ಕುಳಿತು ಮುಕ್ಕು ಹಾಕಿದಳು.

ಹಗ್ಗವ ಕಡದಾನ ಹೊಳಿಯಾಗ ಹರಗೋಲ
ಮಗ್ಗಲ ಕೂಸಿನ ಮಾರಿ ನೋಡದ | ದಡದ ಗೌಡ
ನುಗ್ಗಿ ಬಂದಾನ ಗಡ್ಡೀಗೆ

ಗೌಡ ಕಲ್ಲಿನ ಗೂಟ ಹಿಡಿಯಲು ಬಗ್ಗಿದ. ತಾಯಿ ನಿಂಬೆವ್ವ ಅವನ ಕೈಗೆ ಫಟ್ಟನೆ ಹೊಡೆದಳು. "ಕಲ್ಲ ತಡಿಬ್ಯಾಡಲೇ! ಕಣಜ ತುಂಬಿದ ಮನಿ!"

ಬೀಗಿತ್ತಿ ಒನಕೆ ನಿಲ್ಲಿಸಿದಳು. "ಯಾವ ಗೌಡನವ್ವಾ ಇಂವ?"

ಅಮೃತ ಹಾಡಿನಲ್ಲೇ ಮನೆತನ ಹೇಳಿದಳು. ಕಡೆಯ ನುಡಿ ಸಾಬವ್ವನದಲ್ಲ, ತಾನೇ ಕಟ್ಟಿದ್ದು. ಅದರಲ್ಲಿ ಜ್ವರವಿತ್ತು, ಕಾಗದವಿತ್ತು, ತಡೆದ ಹರಿಗೋಲಿತ್ತು, ದೌಲತರಾಯನ ಹೆಸರಿತ್ತು. ಬೀಸಿ ರೂಢಿಯಿದ್ದ ಹೆಂಗಸರು ತಮಗರಿಯದೆ ಅವಳ ಹಿಂದೆ ಸೊಲ್ಲೆತ್ತಿದರು. ಗೌಡನ ಮುಖವನ್ನು ಯಾರೂ ನೋಡಲಿಲ್ಲ.

ಕಾಳು ತೀರಿತು. ಅಮೃತ ಹಿಟ್ಟು ಬಳಿದಳು, ಸೆರಗಿನಿಂದ ಕಲ್ಲು ಒರೆಸಿದಳು, ಗೂಟವನ್ನು ನಿಂಬೆವ್ವನ ಕಡೆ ತಿರುಗಿಸಿದಳು.

"ನಮ್ಮನಿಯವರು ಒಯ್ದಿದ್ದು ನಿಮಗ ಮುಟ್ಟಿತ್ರಿ."